ಮಾವನ ಹೋಟೆಲಿನ ರೇಟ್ ಫೈಲಿಗೂ ಗಿಟ್

ಮುಂಬೈಯ ಮಾಟುಂಗಾದಲ್ಲಿ ಮಾವನ ಹೋಟೆಲಿದೆ. ಅದರ ಬಿಲ್ಲಿಂಗ್ ಪ್ರೋಗ್ರಾಮ್ ನೋಡಿಕೊಳ್ಳುವುದು ನಾನು. ಮನೆ ಡೊಂಬಿವಲಿಯಲ್ಲಿ, ಪ್ರೋಗ್ರಾಮ್ ಇರುವುದು ಬಾಡಿಗೆ ಸರ್ವರಿನಲ್ಲಿ. ಹಾಗಾಗಿ ಫೈಲುಗಳಲ್ಲಿ ಆದ ಬದಲಾವಣೆಗಳ ಲೆಕ್ಕ ಇಡುವ ಗಿಟ್, ದೂರದ ಸರ್ವರಿಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್, ಎರಡೂ ಕಲಿಯಲೇಬೇಕಾಯಿತು.

ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದದ್ದು ತುಂಬಾ ಜನ ಸೇರಿ ಬರೆಯುವ ಲಿನಕ್ಸ್ ಕರ್ನಲ್‌ಗಾಗಿ, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗಾಗಿ. ಅಷ್ಟು ದೊಡ್ಡ ಗುಂಪಿನ ಸಾಮಾನು ಒಬ್ಬನಿಗೆ ಯಾಕೆ ಅನ್ನಿಸಬಹುದು. ನನ್ನ ಪ್ರಕಾರ ಒಬ್ಬನೇ ಕೆಲಸ ಮಾಡುವವನಿಗೇ ಇದು ಜಾಸ್ತಿ ಬೇಕು. ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ, ಅಲ್ವಾ? "ಮಸಾಲೆದೋಸೆ ರೇಟ್ ಯಾವಾಗ ಏರಿಸಿದ್ದು ಮಾರಾಯ?" ಅಂತ ಮಾವ ಫೋನ್ ಮಾಡಿದರೆ, ರೇಟ್ ಫೈಲಿನ ಮೇಲೆ 'ಗಿಟ್ ಲಾಗ್ -ಪಿ' ಕೊಡುತ್ತೇನೆ. ಹಳೇ ರೇಟ್ ಕೆಂಪಿನಲ್ಲಿ, ಹೊಸದು ಹಸಿರಿನಲ್ಲಿ, ಮೇಲೆ ತಾರೀಕು. ಜೊತೆಗೆ ನಾನೇ ಬರೆದಿಟ್ಟ ಕಾರಣ: "ಉದ್ದಿನಬೇಳೆ ದುಬಾರಿ. ಮಾವ ಹೇಳಿದ್ದು." ಮಾವ ಸುಮ್ಮನಾಗುತ್ತಾರೆ.

ಕಮಾಂಡ್ ಬಾಯಿಪಾಠ ಮಾಡಲು ಹೋಗಲಿಲ್ಲ. ಹೆಜ್ಜೆಹೆಜ್ಜೆಗೂ 'ಗಿಟ್ ಸ್ಟೇಟಸ್' ಹೊಡೆದೆ. ಮುಂದೇನು ಮಾಡಬಹುದು ಅಂತ ಅದೇ ಹೇಳುತ್ತದೆ. 'ಗಿಟ್ ಆಡ್' ಮಾಡಿದ ಬದಲಾವಣೆ ಮುಂದಿನ ಕಮಿಟ್‌ಗೆ (ಗಿಟ್ ಒಮ್ಮೆಗೆ ಬರೆದಿಡುವ ದಾಖಲೆಗೆ) ಸೇರುತ್ತದೆ, ಮಾಡದ್ದು ಸೇರುವುದಿಲ್ಲ. ಕೆಲಸವನ್ನು ಕವಲೊಡೆಸುವ ಬ್ರಾಂಚ್, ಕವಲುಗಳನ್ನು ಕೂಡಿಸುವ ಮರ್ಜ್ ಎಲ್ಲ ಆಮೇಲೆ ನೋಡಿಕೊಂಡರಾಯಿತು.

ಇನ್ನು ಲಾಗಿನ್. ಪಾಸ್‌ವರ್ಡ್ ಸಾಕಲ್ಲ ಅನ್ನುವವರು ಒಮ್ಮೆ ಸರ್ವರಿನ ಆಥ್ ಲಾಗ್ (ಲಾಗಿನ್ ಪ್ರಯತ್ನಗಳ ದಾಖಲೆ) ತೆರೆದು ನೋಡಿ. ಎಲ್ಲೆಲ್ಲಿಂದಲೋ ಬಾಟ್‌ಗಳು, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಮ್‌ಗಳು, 'ರೂಟ್', 'ಅಡ್ಮಿನ್' ಅಂತ ಹೆಸರು ಹಾಕಿ ನುಗ್ಗಲು ನೋಡುತ್ತಲೇ ಇರುತ್ತವೆ. ಹಾಗಾಗಿ ಪಾಸ್‌ವರ್ಡ್ ಬದಲು ಕೀ ಜೋಡಿ ಮಾಡಿಕೊಳ್ಳಲು 'ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519' ಹೊಡೆದೆ, ಎರಡು ಫೈಲು ಬಂದವು. ಕೊನೆಗೆ 'ಡಾಟ್ ಪಬ್' ಅಂತ ಇರುವುದು ಬೀಗದ ಹಾಗೆ, ಯಾರಿಗೆ ಬೇಕಾದರೂ ಕೊಡಬಹುದು. ಇನ್ನೊಂದು ಬೀಗದಕೈ. ಲಾಗಿನ್ ಆಗುವಾಗಲೂ ಅದು ಲ್ಯಾಪ್‌ಟಾಪ್ ಬಿಟ್ಟು ಹೋಗುವುದಿಲ್ಲ. ಅದರಿಂದ ಮಾಡಿದ ಸಹಿ ಮಾತ್ರ ಹೋಗುತ್ತದೆ. ಆ ಬೀಗದಕೈ ಫೈಲಿಗೊಂದು ಪಾಸ್‌ಫ್ರೇಸ್ (ಅದನ್ನು ಬಳಸಲು ಬೇಕಾದ ಗುಟ್ಟಿನ ಮಾತು) ಹಾಕಿ. ಲೋಕಲ್ ಟ್ರೈನಿನಲ್ಲಿ ಲ್ಯಾಪ್‌ಟಾಪ್ ಹೊತ್ತು ತಿರುಗುವವರಂತೂ ಹಾಕಲೇಬೇಕು.

ಪಬ್ ಫೈಲನ್ನು ಸರ್ವರಿಗೆ ದಾಟಿಸಲು 'ಎಸ್‌ಎಸ್‌ಎಚ್-ಕಾಪಿ-ಐಡಿ' ಇದೆ. ಕೈಯಿಂದಲೇ ಹಾಕುವುದಾದರೆ ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ 700, ಪಬ್ ಫೈಲಿನ ಸಾಲು ಸೇರುವ ಆಥರೈಸ್ಡ್ ಕೀಸ್ ಫೈಲಿಗೆ 600 ಪರ್ಮಿಷನ್ ಕೊಡಿ, ಅಂದರೆ ನಿಮಗೆ ಮಾತ್ರ ಪ್ರವೇಶ. ಅವನ್ನು ಬೇರೆಯವರೂ ತಿದ್ದುವಂತಿದ್ದರೆ ಸರ್ವರ್ ನಿಮ್ಮ ಕೀಯನ್ನು ಮೂಸಿಯೂ ನೋಡುವುದಿಲ್ಲ.

ಕೀಯಿಂದ ಲಾಗಿನ್ ಆದ ಮೇಲೆ ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿದೆ. ಆದರೆ ತೆರೆದಿದ್ದ ಟರ್ಮಿನಲ್ ಮುಚ್ಚಲಿಲ್ಲ. ಇನ್ನೊಂದು ಟರ್ಮಿನಲ್‌ನಿಂದ ಒಳಗೆ ಹೋಗಲು ಆಗುತ್ತದೆ ಅಂತ ನೋಡಿದ ಮೇಲೇ ಮೊದಲಿನದರಲ್ಲಿ ಎಕ್ಸಿಟ್ ಹೊಡೆದೆ. ಗಿಟ್ ಫೈಲುಗಳನ್ನು ಆನ್‌ಲೈನ್ ಇಡುವ ತಾಣವಾದ ಗಿಟ್‌ಹಬ್ ಅಂತೂ 2021ರ ಆಗಸ್ಟ್‌ನಲ್ಲೇ ಗಿಟ್ ಕೆಲಸಕ್ಕೆ ಅಕೌಂಟ್ ಪಾಸ್‌ವರ್ಡ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ. ಅದೇ ಪಬ್ ಫೈಲನ್ನು ಅಲ್ಲೂ ಹಾಕಿದೆ, ಪುಶ್ (ಕಮಿಟ್‌ಗಳನ್ನು ಅಲ್ಲಿಗೆ ಕಳಿಸುವುದು) ಆಗುತ್ತಿದೆ.