ಹಳೇ ಓಮ್ನಿಗೆ ಪೆಟ್ರೋಲ್ ಪೈಪ್: ಏನು ಕೇಳಿ ತರಬೇಕು

ಕಾರ್ಬುರೇಟರ್ ಓಮ್ನಿ. ಬೆಳಿಗ್ಗೆ ಹತ್ತು ಸಲ ಸೆಲ್ಫ್ ಹೊಡೆದರೂ ಸ್ಟಾರ್ಟ್ ಇಲ್ಲ. ಸೀಟಿನಡಿ ಪೆಟ್ರೋಲ್ ವಾಸನೆ, ನೆಲದ ಮೇಲೆ ಹನಿಯಿಲ್ಲ. ಕಾರ್ಬುರೇಟರ್ ಕ್ಲೀನಿಂಗ್, ಹೊಸ ಪಂಪ್, ಹೊಸ ಫಿಲ್ಟರ್ ಯಾವುದೂ ಕೆಲಸಕ್ಕೆ ಬರಲಿಲ್ಲ. ಮೀಟರ್ ಲೆಕ್ಕದ ಪಾರದರ್ಶಕ ಪೈಪ್ ಮೂರೇ ತಿಂಗಳಿಗೆ ಕಡ್ಡಿಯಂತೆ ಸೆಟೆಯಿತು.

ದೋಷವಿದ್ದದ್ದು ಟ್ಯಾಂಕ್‌ನಿಂದ ಪಂಪ್‌ಗೆ ಬರುವ ರಬ್ಬರ್ ತುಂಡಿನಲ್ಲಿ. ಪಂಪ್ ಎಳೆಯುವ ಕಡೆ ಸೀಳಿದರೆ ಪೆಟ್ರೋಲ್ ಹೊರಗೆ ಸೋರುವುದಕ್ಕಿಂತ ಗಾಳಿ ಒಳಗೆ ನುಗ್ಗುವುದೇ ಹೆಚ್ಚು.

ಬೆಂಗಳೂರಿನ ವಾಹನ ಬಿಡಿಭಾಗಗಳ ಪೇಟೆ ಜೆ.ಸಿ. ರಸ್ತೆಯಲ್ಲಿ ಬರೀ ‘ಓಮ್ನಿ ಪೈಪ್’ ಅನ್ನಬೇಡಿ. ಲೋಹದ ಪೈಪಿನ ಹೊರವ್ಯಾಸ ವರ್ನಿಯರ್‌ನಲ್ಲಿ ಅಳೆದು, ಅಷ್ಟೇ ಒಳವ್ಯಾಸದ, ಮೈಮೇಲೆ ‘ಎಸ್‌ಎಇ ಜೆ30 ಆರ್7’ (ಪೆಟ್ರೋಲ್ ಹೋಸಿನ ಗುಣಮಟ್ಟದ ಗುರುತು) ಅಚ್ಚಿರುವ ರಬ್ಬರ್ ಹೋಸ್ ಕೇಳಿ. (ಎಂಪಿಎಫ್‌ಐ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ ಗಾಡಿಗೆ ಆರ್9, ಅಲ್ಲಿ ಒತ್ತಡ ಜಾಸ್ತಿ.) ಹಲ್ಲಿನ ಸ್ಕ್ರೂ ಕ್ಲಿಪ್ ರಬ್ಬರ್ ಕೊರೆಯುತ್ತದೆ, ಅಂಚು ಮಡಚಿದ್ದೇ ಬೇಕು. ಬ್ಯಾಟರಿ ನೆಗೆಟಿವ್ ಬಿಚ್ಚಿ, ಹೋಸನ್ನು ಲೋಹದ ಪೈಪಿನ ಮೇಲೆ 25 ಮಿ.ಮೀ. ತಳ್ಳಿ, ಕ್ಲಿಪ್ಪನ್ನು ಪೈಪಿನ ಉಬ್ಬು ದಾಟಿಸಿ ಬಿಗಿಯಿರಿ. ಮಿಕ್ಕ ಪೆಟ್ರೋಲ್ ಟ್ಯಾಂಕ್‌ಗೆ ವಾಪಸ್ ಒಯ್ಯುವ ರಿಟರ್ನ್ ಹೋಸೂ ಅಷ್ಟೇ ಹಳೆಯದು, ಅದೇ ದಿನ ಬದಲಿಸಿ.