ತೂಕ ಕಡಿಮೆಯ ಕೂಸಿಗೆ ಟ್ಯೂಬ್‌ನಲ್ಲಿ ಹಾಲು ಕೊಡುವುದು ಹೇಗೆ?

ಗರ್ಭದಲ್ಲಿ 34 ವಾರ ತುಂಬುವ ಮುನ್ನವೇ ಹುಟ್ಟಿದ ಕೂಸಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಹೊಂದಿಸಿಕೊಳ್ಳಲು ಸಾಮಾನ್ಯವಾಗಿ ಬರುವುದಿಲ್ಲ. ಬಾಯಿಗೆ ಹಾಲು ಹಾಕಿದರೆ ನೆತ್ತಿಗೇರಿ ಶ್ವಾಸಕೋಶಕ್ಕೆ ಹೋಗಬಹುದು. ಹಾಗಾಗಿ ತಾಯಿಯ ಹಾಲನ್ನು ಹಿಂಡಿ ತೆಗೆದು, ಟ್ಯೂಬ್‌ನಲ್ಲಿ ಹೊಟ್ಟೆಗೇ ಇಳಿಸುತ್ತಾರೆ. ಟ್ಯೂಬ್ ಹಾಕುವುದು ಸಿಸ್ಟರ್ ಕೆಲಸ. ಹಾಲು ಕೊಡುವುದನ್ನು ಆಸ್ಪತ್ರೆಯಲ್ಲೇ ಅವರ ಕಣ್ಣೆದುರು ತಾಯಿಯೂ ಕಲಿಯಬಹುದು.

ಉಸಿರಾಟದ ತೊಂದರೆಯಿರುವ ಕೂಸಿಗೆ ಟ್ಯೂಬನ್ನು ಬಾಯಿಯಿಂದ ಹಾಕುವುದೇ ಒಳ್ಳೆಯದು. ಮೂಗಿನಲ್ಲಿ ಹಾಕಿದರೆ ಒಂದು ಹೊಳ್ಳೆ ಕಟ್ಟುತ್ತದೆ. 5 ಅಥವಾ 6 ಫ್ರೆಂಚ್ (ಟ್ಯೂಬಿನ ದಪ್ಪದ ಅಳತೆ) ಟ್ಯೂಬ್ ಸಾಕು. ಬಾಯಿಯ ಅಂಚಿನಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ತುದಿ ಮತ್ತು ಹೊಕ್ಕುಳಿನ ನಡುಮಧ್ಯಕ್ಕೆ ಅಳೆದು ಗುರುತು ಹಾಕುತ್ತಾರೆ. ಆ ಗುರುತು ತುಟಿಯ ಬಳಿಯೇ ಇದೆಯೇ ಎಂದು ಪ್ರತಿ ಸಲ ನೋಡಿ. ಒಳಗಿನ ದ್ರವವನ್ನು ಸ್ವಲ್ಪ ಎಳೆದು ಪರೀಕ್ಷಿಸಿದಾಗ ಪಿಎಚ್ (ಹುಳಿಯ ಅಳತೆ, ಕಡಿಮೆಯಿದ್ದಷ್ಟೂ ಹುಳಿ ಹೆಚ್ಚು) 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ತುದಿ ಹೊಟ್ಟೆಯಲ್ಲಿದೆ ಎನ್ನಬಹುದು. ಗಾಳಿ ಊದಿ ಸದ್ದು ಕೇಳುವುದನ್ನಷ್ಟೇ ನಂಬಬಾರದು: ಪುಟ್ಟ ಎದೆಯಲ್ಲಿ ಟ್ಯೂಬ್ ಎಲ್ಲಿದ್ದರೂ ಅದೇ ಸದ್ದು ಬರಬಹುದು.

ಪ್ರಮಾಣವನ್ನು ವೈದ್ಯರು ತೂಕ ನೋಡಿ ಹೇಳುತ್ತಾರೆ. ಉದಾಹರಣೆಗೆ, 1,400 ಗ್ರಾಂ ಕೂಸಿಗೆ ದಿನಕ್ಕೆ ಕೆಜಿಗೆ 80 ಎಂಎಲ್ ಎಂದು ಅವರು ಹೇಳಿದರೆ ಒಟ್ಟು 112 ಎಂಎಲ್. ಎರಡು ಗಂಟೆಗೊಮ್ಮೆ ಕೊಟ್ಟರೆ ಸಲಕ್ಕೆ ಸುಮಾರು 9 ಎಂಎಲ್.

ಕೈ ತೊಳೆದು, 10 ಎಂಎಲ್ ಸಿರಿಂಜಿನ ಒಳದಂಡ ಪೂರ್ತಿ ತೆಗೆದಿಡಿ. ಟ್ಯೂಬನ್ನು ಬೆರಳಲ್ಲಿ ಮಡಚಿ ಹಿಡಿದು ಸಿರಿಂಜ್ ಸಿಕ್ಕಿಸಿ, ಹಾಲು ಹಾಕಿ, ಹಿಡಿತ ಬಿಡಿ. ಕೂಸಿಗಿಂತ 5ರಿಂದ 10 ಸೆಂ.ಮೀ. ಎತ್ತರದಲ್ಲಿ ಹಿಡಿದರೆ ಹಾಲು 10-15 ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಬೇಗ ಮುಗಿಯಲೆಂದು ದಂಡ ಹಾಕಿ ಒತ್ತಲೇಬೇಡಿ. ಪುಟ್ಟ ಹೊಟ್ಟೆ ಒಮ್ಮೆಲೇ ಬಿಗಿದು ಕೂಸು ಕಕ್ಕುತ್ತದೆ, ಉಸಿರೂ ತಡೆಯಬಹುದು. ಹಾಲು ಇಳಿಯದೆ ನಿಂತರೆ ತುದಿ ಹೊಟ್ಟೆಯ ಗೋಡೆಗೆ ತಾಗಿರಬಹುದು. ಕೂಸನ್ನು ಮೆಲ್ಲಗೆ ಮಗ್ಗುಲಾಗಿಸಿ ನೋಡಿ, ಆಗಲೂ ಇಳಿಯದಿದ್ದರೆ ಸಿಸ್ಟರನ್ನು ಕರೆಯಿರಿ.

ಕೆಮ್ಮಿದರೆ, ತುಟಿ ನೀಲಿಯಾದರೆ ಟ್ಯೂಬನ್ನು ತಕ್ಷಣ ಮಡಚಿ ಹಿಡಿದು ಹಾಲು ನಿಲ್ಲಿಸಿ, ಕೂಗಿ ಕರೆಯಿರಿ. ಹಸಿರು ವಾಂತಿ, ರಕ್ತ, ಉಬ್ಬಿ ಬಿಗಿದ ಹೊಟ್ಟೆ ಕಂಡರೆ ವೈದ್ಯರು ನೋಡುವವರೆಗೆ ಮುಂದಿನ ಹಾಲು ಬೇಡ.

ಟ್ಯೂಬ್ ತೆಗೆಯುವಾಗಲೂ ಮಡಚಿಯೇ ಎಳೆಯುತ್ತಾರೆ, ಇಲ್ಲದಿದ್ದರೆ ಉಳಿದ ಹನಿ ಗಂಟಲಿಗೆ ಬೀಳುತ್ತದೆ. ಕೂಸು ನಾಲಿಗೆ ಚಾಚಿ ಬಾಯಿ ಚಪ್ಪರಿಸತೊಡಗಿದಾಗ ವೈದ್ಯರನ್ನು ಕೇಳಿ ಒಳಲೆಯಲ್ಲೋ ಚಮಚದಲ್ಲೋ ತುಸುತುಸುವೇ ಶುರುಮಾಡಬಹುದು. ಬಾಟಲಿ ಮಾತ್ರ ಬೇಡ.