ಬೀಜದ ರಸ ಬೂಷ್ಟನ್ನು ನಿಜವಾಗಿ ತಡೆಯುತ್ತಾ? ಬೆಳೆಗೆ ಹೊಡೆಯುವ ಮೊದಲು ಹೀಗೆ ನೋಡಿ

ಔಷಧಿ ಗುಣದ ಬೀಜ ಸಿಕ್ಕಿದ ಕೂಡಲೇ ಜಜ್ಜಿ, ಕುದಿಸಿ, ಸೋಸಿ, ಪಂಪಿಗೆ ಸುರಿಯುವವರು ಜಾಸ್ತಿ. ಆಮೇಲೆ ರೋಗ ನಿಲ್ಲದಿದ್ದರೆ ಬೀಜವನ್ನು ಬೈಯುತ್ತಾರೆ. ತಪ್ಪು ಹೆಚ್ಚಾಗಿ ರಸ ತೆಗೆದ ರೀತಿಯಲ್ಲಿರುತ್ತದೆ.

ಸಾಸಿವೆಯನ್ನೇ ನೋಡಿ. ಇಡೀ ಕಾಳಿನಲ್ಲಿ ಘಾಟು ಇರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಅದರೊಳಗಿನ ಮೈರೋಸಿನೇಸ್ ಎಂಬ ಕಿಣ್ವ ಕೆಲಸ ಶುರು ಮಾಡುತ್ತದೆ, ಆಗ ಹುಟ್ಟುವ ಅಲೈಲ್ ಐಸೋಥಯೋಸಯನೇಟ್ ಶಿಲೀಂಧ್ರಕ್ಕೆ ಶತ್ರು, ನಮ್ಮ ಕಣ್ಣಲ್ಲಿ ನೀರು ತರಿಸುವುದೂ ಅದೇ. ನಾನು ಮೊದಲ ಸಲ ಪುಡಿಗೆ ಕುದಿಯುವ ನೀರು ಹೊಯ್ದಿದ್ದೆ. ಕಿಣ್ವ ಅಲ್ಲೇ ಸತ್ತಿತು, ಘಾಟೇ ಬರಲಿಲ್ಲ! ತಣ್ಣೀರಿನಲ್ಲಿ ಕಲಸಿ, ಮುಚ್ಚಳ ಹಾಕಿ ಅರ್ಧ ಗಂಟೆ ಬಿಡಿ, ಸೋಸಿ ಕೂಡಲೇ ಬಳಸಿ. ಅದು ಗಾಳಿಗೆ ಹಾರಿಹೋಗುವ ವಸ್ತು, ನಾಳೆಗೆ ಇಡುವಂಥದ್ದಲ್ಲ.

ಓಂಕಾಳಿನದು ಉಲ್ಟಾ ಕಥೆ. ಅದರಲ್ಲಿರುವ, ಬೂಷ್ಟನ್ನು ತಡೆಯುವ ಥೈಮಾಲ್ ಎಂಬ ಅಂಶ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಪುಡಿ ಮಾಡಿದ 10 ಗ್ರಾಂ ಕಾಳನ್ನು 100 ಮಿ.ಲೀ. ಆಲ್ಕೋಹಾಲಿನಲ್ಲಿ ಹಾಕಿ, ಬಾಟಲಿ ಮುಚ್ಚಿ, ಬೆಂಕಿಯಿಂದ ದೂರ ಒಂದು ದಿನ ಇಟ್ಟು ಸೋಸಬೇಕು. ಬಳಸುವಾಗ ನೀರು ಬೆರೆಸಿ ತೆಳು ಮಾಡಿಕೊಳ್ಳಿ.

ಬೇವು ಎಲ್ಲರಿಗೂ ಗೊತ್ತಿರುವುದೇ. ನೆರಳಲ್ಲಿ ಒಣಗಿಸಿದ ಬೀಜದ ತಿರುಳು 50 ಗ್ರಾಂ, ನೀರು 1 ಲೀಟರ್, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಹಿಂಡಿದರೆ ಶೇ. 5ರ ಕಷಾಯ. ಅದರಲ್ಲಿರುವ ಅಜಾಡಿರಾಕ್ಟಿನ್ ಎಂಬ ಕಹಿ ಅಂಶ ಮುಖ್ಯವಾಗಿ ಕೀಟಕ್ಕೆ ಕೆಲಸ ಮಾಡುವಂಥದ್ದು. ರೋಗಗಳಲ್ಲಿ ಬೇವಿನ ಎಣ್ಣೆಗೆ ಹೆಸರಿರುವುದು ಬೂದಿ ರೋಗಕ್ಕೆ, ಅದೂ ಶುರುವಿನಲ್ಲೇ ಹೊಡೆದರೆ.

ಇನ್ನು ಉಮ್ಮತ್ತಿ ಬೀಜದಂಥವನ್ನು ಮುಟ್ಟಲೇ ಹೋಗಬೇಡಿ. ಗಿಡದಿಂದ ಬಂದದ್ದಾದರೂ ವಿಷ ವಿಷವೇ ಅಲ್ವಾ?

ರಸ ಸಿದ್ಧವಾಯಿತು. ಈಗ ಪರೀಕ್ಷೆ, ಮನೆಯಲ್ಲೇ ಮಾಡಬಹುದು. ಔಷಧಿ ಲೇಪಿಸದ ಬಿತ್ತನೆ ಬೀಜ ತೆಗೆದುಕೊಳ್ಳಿ. ಬಣ್ಣ ಹಚ್ಚಿದ ಪ್ಯಾಕೆಟ್ ಬೀಜ ಬೇಡ, ಅದರಲ್ಲಿ ಹೆಚ್ಚಾಗಿ ಶಿಲೀಂಧ್ರನಾಶಕ ಇರುತ್ತದೆ. 100 ಬೀಜವನ್ನು ರಸದಲ್ಲಿ, ಇನ್ನೊಂದು 100 ಬರೀ ನೀರಿನಲ್ಲಿ ಒಂದು ಗಂಟೆ ನೆನೆಸಿ. ಆಲ್ಕೋಹಾಲ್ ಬಳಸಿದ್ದರೆ ಮೂರನೇ ಗುಂಪು ಬೇಕೇ ಬೇಕು, ಅಷ್ಟೇ ಆಲ್ಕೋಹಾಲ್ ಬೆರೆಸಿದ ನೀರಿನಲ್ಲಿ ನೆನೆಸಿದ್ದು. ಇಲ್ಲದಿದ್ದರೆ ಬೂಷ್ಟನ್ನು ತಡೆದದ್ದು ಓಂಕಾಳೋ ಆಲ್ಕೋಹಾಲೋ ಅಂತ ಗೊತ್ತೇ ಆಗುವುದಿಲ್ಲ, ಎಷ್ಟೋ ಜನ ಎಡವುವುದು ಇಲ್ಲೇ. ತಟ್ಟೆಯಲ್ಲಿ ಮೂರು ಪದರ ಒದ್ದೆ ಕಾಗದ ಹಾಸಿ, 25 ಬೀಜದಂತೆ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ ಮುಚ್ಚಿ, ಮೇಲೆ ಗುಂಪಿನ ಹೆಸರು ಬರೆಯಿರಿ. ಕಾಗದ ಒಣಗಲು ಬಿಡಬೇಡಿ.

7 ದಿನ ಬಿಟ್ಟು ಎರಡು ಲೆಕ್ಕ ಹಾಕಿ: ಬೂಷ್ಟು ಬಂದದ್ದೆಷ್ಟು, ಮೊಳಕೆ ಬಂದದ್ದೆಷ್ಟು. ಎರಡನೆಯದನ್ನು ಮರೆಯಬೇಡಿ. ಥೈಮಾಲ್ ಆಗಲಿ ಸಾಸಿವೆ ಘಾಟಾಗಲಿ ಜಾಸ್ತಿಯಾದರೆ ಮೊಳಕೆಯನ್ನೇ ಸಾಯಿಸುತ್ತವೆ. ಬೂಷ್ಟು ಸೊನ್ನೆ, ಮೊಳಕೆಯೂ ಅರ್ಧಕ್ಕರ್ಧ ಕಡಿಮೆ ಅಂದರೆ ರಸವನ್ನು ಇನ್ನೂ ತೆಳು ಮಾಡಿ ಮತ್ತೆ ನೋಡಿ. ಬೂಷ್ಟಿನಲ್ಲೂ ವ್ಯತ್ಯಾಸ ಇದೆ: ಕಪ್ಪು ತಲೆಯ ಆಸ್ಪರ್ಜಿಲಸ್, ಹತ್ತಿಯಂತೆ ಹರಡುವ ರೈಜೋಪಸ್ ಬೀಜ ಕೂಡಿಟ್ಟಾಗಲೇ ಸೇರಿಕೊಳ್ಳುವಂಥವು. ಅವು ಕಡಿಮೆಯಾದರೆ ಹೊಲದ ಎಲೆಚುಕ್ಕೆ ರೋಗವೂ ನಿಲ್ಲುತ್ತದೆ ಅಂತ ಹೇಳಲಾಗದು.

ಇಷ್ಟು ದಾಟಿದ ಮೇಲೆ ಸಂಜೆ ಹೊತ್ತು ಎರಡು ಮೂರು ಗಿಡಕ್ಕೆ ಮಾತ್ರ ಹೊಡೆಯಿರಿ, ರಸ ಎಲೆಗೆ ಅಂಟಲು ಚೂರು ಸೋಪು ಸಾಕು. ಎರಡು ದಿನದಲ್ಲಿ ಎಲೆ ಅಂಚು ಸುಡದಿದ್ದರೆ ಉಳಿದದ್ದಕ್ಕೆ. ಬಿಸಿಲು, ಮಳೆ ಎರಡೂ ಇದರ ಕಸುವು ತೆಗೆಯುತ್ತವೆ, ಹಾಗಾಗಿ ವಾರ ಹತ್ತು ದಿನಕ್ಕೊಮ್ಮೆ ಮತ್ತೆ ಬೇಕಾಗುತ್ತದೆ. ಸೊರಗು ರೋಗಕ್ಕೆ ಎಲೆಗೆ ಹೊಡೆದು ಸುಮ್ನೆ ದಣಿಯಬೇಡಿ, ಅದು ಬೇರಿಂದ ಬರುವುದು. ನಂಜು (ವೈರಸ್) ರೋಗಕ್ಕೂ ಇದು ಮದ್ದಲ್ಲ.

ಒಂದು ಸಾಲನ್ನು ಮಾತ್ರ ಏನೂ ಹೊಡೆಯದೆ ಬಿಡಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಹೋಲಿಸಿ ನೋಡಲು ಬೇರೆ ಏನಿದೆ?